ಕರೆದವರೇ ವಾಪಸ್ಸು ಕರೆಯಬೇಕು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಆಚೆ ಹೋಗಿ ಬೀಡಿ ಹಚ್ಚುತ್ತಿದ್ದವನು ನಾನು. ತರೀಕೆರೆಯ ನಮ್ಮ ಮನೆಯಲ್ಲಿ ಅಜ್ಜಿ ಅಂಥ ಕಥೆ ಹೇಳುವಾಗ ತಂಗಿ ಗೌರಿ ಕಣ್ಣರಳಿಸಿ ಕೇಳುತ್ತಿದ್ದಳು, ನಾನು ಕುಳಿತಲ್ಲೇ ಆಕಳಿಸುತ್ತಿದ್ದೆ. ನಾನು ಕಲಿತದ್ದು ಯಂತ್ರದ ಕೆಲಸ. ಎಂಜಿನ್ ಕೆಮ್ಮಿದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ನೀವು ಸರಿಯಾಗಿ ಹುಡುಕಿಲ್ಲ, ಅಷ್ಟೇ. ಈ ಒಂದು ನಂಬಿಕೆಯ ಮೇಲೆ ಇಡೀ ಆಯುಷ್ಯ ದುಡಿದೆ. ಆದರೆ ಒಂದು ಬೆಳಗ್ಗೆ ನಡೆದ ಸಂಗತಿಗೆ ಮಾತ್ರ ಇವತ್ತಿನವರೆಗೂ ಕಾರಣ ಸಿಕ್ಕಿಲ್ಲ. ಹುಡುಕಿ ಹುಡುಕಿ ಸಾಕಾಗಿದೆ. ಬರೆದು ಕೈ ತೊಳೆದುಕೊಳ್ಳೋಣ ಎಂದು ಈಗ ಕುಳಿತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನೇ ಪೂರ್ತಿ ನಂಬಿದ್ದೇನೆ ಎಂದು ಹೇಳಲಾರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತೋಟಗಳಿಗೆ ಮೇಲಿನಿಂದ ಔಷಧಿ ಹೊಡೆಯುವ ಸಣ್ಣ ವಿಮಾನಗಳ ಮೆಕ್ಯಾನಿಕ್ ಆಗಿ ಊರೂರು ಅಲೆದಿದ್ದ ನನಗೆ ಹೊರರಾಜ್ಯದ ಒಂದು ಖಾಸಗಿ ಕಂಪನಿ ಕೆಲಸ ಕೊಟ್ಟಿತು. ಹೆಸರು ಬೇಡ, ಆ ಕಂಪನಿ ಈಗಿಲ್ಲ. ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ವಿಮಾನಗಳನ್ನು ಸಮುದ್ರದ ಕಡೆ ಓಡಿಸಬೇಕೆಂಬುದು ಅವರ ಆಸೆ. ಅದಕ್ಕೆ ಮೊದಲು ಪೈಲಟ್‌ಗಳಿಗೆ ತರಬೇತಿ ಆಗಬೇಕಲ್ಲ? ದೋಣಿಗಳ ಓಡಾಟವಿಲ್ಲದ ಅಗಲವಾದ ನೀರು ಬೇಕೆಂದು ಎಲ್ಲೆಲ್ಲೋ ಹುಡುಕಿ ಕೊನೆಗೆ ಕಡೂರು ತಾಲ್ಲೂಕಿಗೆ, ಎಮ್ಮೆದೊಡ್ಡಿ ಕಾವಲಿನ ಕಡೆಯ ಒಂದು ದೊಡ್ಡ ಕೆರೆಗೆ ಬಂದರು. ಕೆರೆಯಲ್ಲಿ ವಿಮಾನ ಇಳಿಯುತ್ತದೆ ಎಂದು ನಾನು ಹೇಳಿದಾಗ ಕಡೂರು ಬಸ್‌ಸ್ಟ್ಯಾಂಡಿನ ಹೋಟೆಲಿನವನು ಕಾಫಿ ಲೋಟ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ರೈಲು ಯಾವಾಗ ಬಿಡುತ್ತೀರಿ ಎಂದು ಕೇಳಿದ್ದ.

ನೋಡದವರಿಗೆ ಎರಡು ಮಾತು ಹೇಳಬೇಕು. ಈ ವಿಮಾನಕ್ಕೆ ಚಕ್ರದ ಜಾಗದಲ್ಲಿ ಎರಡು ಉದ್ದನೆಯ ತಗಡಿನ ದೋಣಿಗಳಿರುತ್ತವೆ. ಫ್ಲೋಟ್ ಎನ್ನುತ್ತಿದ್ದೆವು. ಒಂದು ಕಡೆ ತೂತಾದರೂ ಉಳಿದ ಭಾಗ ತೇಲಿಸಲಿ ಎಂದು ಒಳಗೆ ಅಡ್ಡಗೋಡೆ ಹಾಕಿ ಕೋಣೆ ಕೋಣೆ ಮಾಡಿರುತ್ತಾರೆ. ಎಷ್ಟು ಬಿಗಿ ಮಾಡಿದರೂ ರಾತ್ರಿ ಕಳೆಯುವಷ್ಟರಲ್ಲಿ ಒಂದಿಷ್ಟು ನೀರು ಜಿನುಗಿರುತ್ತದೆ. ದಿನಾ ಬೆಳಗ್ಗೆ ಮಂಡಿಯೂರಿ ಒಂದೊಂದೇ ಕೋಣೆಗೆ ಕೈಪಂಪು ಇಟ್ಟು ಎಳೆದು ತೆಗೆಯಬೇಕು, ಬಿಟ್ಟರೆ ವಿಮಾನ ವಾಲುತ್ತದೆ. ನನ್ನ ದಿನ ಶುರುವಾಗುತ್ತಿದ್ದದ್ದೇ ಆ ಪಂಪಿನಿಂದ. ಮಂಡಿ ನೋವು ಅಲ್ಲಿಂದ ತಂದದ್ದು, ಇನ್ನೂ ಹೋಗಿಲ್ಲ.

ನೀರಿನ ಮೇಲಿನ ಕೆಲಸದಲ್ಲಿ ಅಪಾಯಕ್ಕೆ ಬರವಿಲ್ಲ. ಬ್ರೇಕ್ ಎಂಬುದೇ ಇಲ್ಲ, ಎಂಜಿನ್ ಶುರುವಾಯಿತೆಂದರೆ ವಿಮಾನ ಹೊರಟಿತು. ಬೇಸಿಗೆಯಲ್ಲಿ ಕೆರೆ ಇಳಿದಂತೆ ದಡದುದ್ದಕ್ಕೂ ಮುಳುಗಿದ್ದ ಜಾಲಿಯ ಬೊಡ್ಡೆಗಳು ತಲೆ ಎತ್ತುತ್ತಿದ್ದವು. ಕಾವಲಿನಲ್ಲಿ ಮೇಯುವ ಅಮೃತಮಹಲ್ ದನಗಳು ನೀರು ಕುಡಿಯಲು ಬಂದು, ಉದ್ದ ಕೊಂಬು ಎತ್ತಿ, ನಮ್ಮ ವಿಮಾನವನ್ನು ದುರುಗುಟ್ಟಿ ನೋಡುತ್ತ ಕದಲದೆ ನಿಲ್ಲುತ್ತಿದ್ದವು. ಇವೆಲ್ಲ ಹೇಗೋ ಸಂಭಾಳಿಸಬಹುದು. ದೊಡ್ಡ ಭಯವೆಂದರೆ ಅಲುಗದ ನೀರು. ಗಾಳಿ ಪೂರ್ತಿ ಬಿದ್ದ ದಿನ ಕೆರೆ ಕನ್ನಡಿಯಾಗುತ್ತದೆ, ಮೇಲಿನಿಂದ ಬರುವವನಿಗೆ ನೀರು ಎಲ್ಲಿದೆ ಎಂದು ತಿಳಿಯುವುದಿಲ್ಲ. ಇನ್ನೂ ಮೇಲಿದ್ದೇನೆ ಎಂದುಕೊಂಡವನು ಮೂಗು ಮುಂದಾಗಿ ನೀರಿಗೆ ಗುದ್ದುತ್ತಾನೆ. ಇಳಿದೇ ಬಿಟ್ಟೆ ಎಂದುಕೊಂಡವನು ಎತ್ತರದಿಂದ ದೊಪ್ಪನೆ ಬೀಳುತ್ತಾನೆ. ಎರಡರಲ್ಲೂ ವಿಮಾನ ಮಗುಚುವ ಸಂಭವ ಜಾಸ್ತಿ.

ತರಬೇತಿ ಕೊಡುತ್ತಿದ್ದವರು ಮಂಗಳೂರು ಕಡೆಯ ಹಿರಿಯರು, ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದೆವು. ಈ ಕನ್ನಡಿಗೆ ಅವರು ಕಂಡುಕೊಂಡ ಉಪಾಯ ಹರಿಗೋಲು. ವಿಮಾನ ಇಳಿಯುವ ಮುಂಚೆ ಒಬ್ಬ ಹರಿಗೋಲಿನಲ್ಲಿ ಕೆರೆಯ ನಡುವಿನ ಪಟ್ಟಿಗೆ ಹೋಗಿ, ಹಿಂದೆ ಹಗ್ಗಕ್ಕೆ ಕಟ್ಟಿದ ಜಾಲಿ ಕೊಂಬೆಗಳ ಹೊರೆಯನ್ನು ಎಳೆಯುತ್ತ, ಆ ಕಡೆಯಿಂದ ಈ ಕಡೆಗೆ ಅಂಕುಡೊಂಕಾಗಿ ಸುತ್ತಬೇಕು. ನೀರು ಕಲಕಿ ಗೆರೆ ಏಳುತ್ತವೆ. ಪೈಲಟ್ಟಿನ ಕಣ್ಣಿಗೆ ಅಷ್ಟು ಸಾಕು. ಕ್ಯಾಪ್ಟನ್ ಇದನ್ನು ಕನ್ನಡಿ ಒಡೆಯುವುದು ಎಂದು ಕರೆದರು. ಹರಿಗೋಲಿನ ತಿಮ್ಮಣ್ಣನಿಗೆ ಅದು ಹಿಡಿಸಲಿಲ್ಲ. ಬೆಳಗ್ಗೆ ಎದ್ದು ಕನ್ನಡಿ ಒಡೆಯುವ ಮಾತು ಯಾಕೆ ಆಡುತ್ತೀರಿ, ನೀರು ಕಲಕುವುದು ಅನ್ನಿ ಎಂದು ಅವರಿಗೇ ತಿದ್ದಿದ. ಅಂದಿನಿಂದ ಎಲ್ಲರೂ ಹಾಗೇ ಅಂದೆವು.

ತಿಮ್ಮಣ್ಣ ಭದ್ರೆಯ ಹಿನ್ನೀರಿನಲ್ಲಿ ಮೀನು ಹಿಡಿದು ಬೆಳೆದವನು, ಲಕ್ಕವಳ್ಳಿ ಕಡೆಯವನು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನಿರಬೇಕು. ಮಾತು ಕಡಿಮೆ. ಅವನದೊಂದು ಪದ್ಧತಿ ಇತ್ತು. ತಾನಾಗಿ ಎಂದೂ ನೀರಿಗೆ ಇಳಿಯುತ್ತಿರಲಿಲ್ಲ. ದಡದಲ್ಲಿ ನಿಂತು ಯಾರಾದರೂ ಅವನ ಹೆಸರು ಹಿಡಿದು ಕರೆಯಬೇಕು, ಅವನು "ಓ" ಎನ್ನಬೇಕು, ಆಮೇಲೇ ಹುಟ್ಟು ಹಾಕುವುದು. ಕೆಲಸ ಮುಗಿದ ಮೇಲೂ ಅಷ್ಟೇ. ಕರೆದವರೇ ಮತ್ತೆ "ತಿಮ್ಮಣ್ಣಾ, ಬಾ ದಡಕ್ಕೆ" ಎಂದು ಕೂಗಿದರೆ ಮಾತ್ರ ವಾಪಸ್ಸು ಬರುತ್ತಿದ್ದ. ಮಂಜು ಕವಿದ ಬೆಳಗ್ಗೆಗಳಲ್ಲಿ ಅವನ ಅಪ್ಪ, ಅಜ್ಜ ಹೀಗೇ ಮಾಡುತ್ತಿದ್ದರಂತೆ. ನೀರಿಗೆ ಹೋದವನನ್ನು ದಡದ ಮೇಲೆ ಒಬ್ಬರಾದರೂ ನೆನಪಿಟ್ಟುಕೊಂಡಿರಬೇಕು ಎಂಬುದು ಅದರ ಅರ್ಥವಿದ್ದೀತು. ಕರೆಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ದಿನ ನಾನು ಮರೆತು, ಕ್ಯಾಪ್ಟನ್ ಜೊತೆ ಜೀಪು ಹತ್ತಿ ಸಾಮಾನು ತರಲು ಕಡೂರಿಗೆ ಹೋಗಿಬಿಟ್ಟೆ. ಮಧ್ಯಾಹ್ನ ಬಂದು ನೋಡಿದರೆ ಆ ಮಹಾರಾಯ ಕೆರೆಯ ನಟ್ಟನಡುವೆ, ನೆತ್ತಿ ಸುಡುವ ಬಿಸಿಲಿನಲ್ಲಿ, ತಲೆಗೆ ಟವಲ್ ಸುತ್ತಿಕೊಂಡು ಸುಮ್ಮನೆ ಕುಳಿತಿದ್ದಾನೆ. ಕೂಗಿದೆ. ಬಂದ. ನಿನಗೇನು ತಲೆ ಕೆಟ್ಟಿದೆಯಾ, ಹಸಿವಾದರೆ ಬರಬಾರದೇ ಎಂದು ನಾನು ನಕ್ಕೆ. ಅವನು ನಗಲಿಲ್ಲ, ಬೈಯಲೂ ಇಲ್ಲ. "ನೀರಿಗೆ ಕರೆದೋರೇ ದಡಕ್ಕೂ ಕರೀಬೇಕು ಮೇಸ್ತ್ರೀ," ಎಂದು ಹರಿಗೋಲು ಎಳೆದು ಕಟ್ಟಿ, ಗಂಟು ಬಿಚ್ಚಿ ಮುದ್ದೆ ತಿಂದ.

ಮೊದಲ ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷದ ಬೇಸಿಗೆಗೆ ಮುಂಚೆ ದಿವಾಕರ ಸತ್ತ. ದಾವಣಗೆರೆ ಕಡೆಯ ಹುಡುಗ, ತರಬೇತಿಗೆ ಬಂದವರಲ್ಲೆಲ್ಲ ಚುರುಕು. ಆ ಬೆಳಗ್ಗೆ ಸಣ್ಣಗೆ ಗಾಳಿ ಇತ್ತು, ನೀರು ತಾನೇ ಆಡುತ್ತಿತ್ತು. ಇಷ್ಟು ಸಾಕು ಎಂದರು ಕ್ಯಾಪ್ಟನ್, ನಾನು ತಿಮ್ಮಣ್ಣನನ್ನು ದಡಕ್ಕೆ ಕರೆದೆ. ಅವನು ದಡ ಮುಟ್ಟಿದ, ಗಾಳಿ ಬಿತ್ತು, ಅದೇ ಹೊತ್ತಿಗೆ ದಿವಾಕರ ಇಳಿದ. ಮೂಗು ಹೊಕ್ಕು ವಿಮಾನ ಅಂಗಾತ ಬಿತ್ತು, ಎರಡು ಫ್ಲೋಟುಗಳು ಮಾತ್ರ ನೀರಿನ ಮೇಲೆ ಉಳಿದವು. ತಿಮ್ಮಣ್ಣ ಹರಿಗೋಲು ಬಿಟ್ಟು ಈಜಿಕೊಂಡೇ ಹೋಗಿ ಮುಳುಗಿದ. ಮೂರು ನಾಲ್ಕು ಸಲ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದ. ತಲೆಕೆಳಗಾದಾಗ ಮೊದಲು ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಿ, ಆಮೇಲೆ ಬೆಲ್ಟ್ ಬಿಚ್ಚಿ, ಇಲ್ಲವಾದರೆ ಬಾಗಿಲು ಯಾವ ಕಡೆ ಎಂದು ತಿಳಿಯುವುದಿಲ್ಲ ಎಂದು ಕ್ಯಾಪ್ಟನ್ ದಿನಾ ಹೇಳುತ್ತಿದ್ದರು. ಕತ್ತಲ ನೀರಿನಲ್ಲಿ ಉಸಿರು ಕಟ್ಟಿದವನಿಗೆ ಪಾಠ ನೆನಪಿರುತ್ತದೆಯೇ? ತಿಮ್ಮಣ್ಣ ಅವನನ್ನು ಹೊರಗೆ ತಂದ. ತಂದು ಏನು ಬಂತು.

ಅವತ್ತು ಸಂಜೆ ತಿಮ್ಮಣ್ಣ ಹರಿಗೋಲನ್ನು ಏರಿಯ ಕೆಳಗಿನ ಹೊಂಗೆಮರದಡಿ ಬೋರಲು ಹಾಕಿದ. ಯಾರೂ ಅವನನ್ನು ಒಂದು ಮಾತು ಅಂದಿರಲಿಲ್ಲ. "ಸಾಕಾತು ಮೇಸ್ತ್ರೀ, ನೀರಿನ ಸವಾಸ ಇನ್ ಬ್ಯಾಡ," ಎಂದಷ್ಟೇ ಹೇಳಿ ಅಜ್ಜಂಪುರದಾಚೆ ಹೆಂಡತಿಯ ಊರಿಗೆ ಹೋದ. ಆ ಊರಿನ ಕಟ್ಟೆಯಲ್ಲಿ ಮಳೆಗಾಲದಲ್ಲೂ ಮೊಣಕಾಲುದ್ದ ನೀರು ನಿಲ್ಲುವುದಿಲ್ಲ. ಹುಡುಕಿ ಹುಡುಕಿ ಅಂಥ ಊರಿಗೇ ಹೋದ ಎಂದು ನನಗನ್ನಿಸಿತು.

ಕಂಪನಿ ನಿಲ್ಲಿಸಲಿಲ್ಲ. ಅವರ ಹತ್ತಿರ ಇನ್ನೊಂದು ವಿಮಾನ ಇತ್ತು. ಸಾವು ಕಂಡ ನೀರಿಗೆ ಸುತ್ತಮುತ್ತಲಿನ ಯಾವ ಮೀನುಗಾರನೂ ಬರಲು ಒಪ್ಪಲಿಲ್ಲ. ಗಾಳಿ ಎದ್ದ ಮೇಲೆಯೇ ಹಾರುವುದು, ಗಾಳಿ ಇರುವಾಗಲೇ ಇಳಿಯುವುದು ಎಂದು ಕ್ಯಾಪ್ಟನ್ ನಿಯಮ ಮಾಡಿದರು. ಅವರು ಆ ಕೆಲವು ತಿಂಗಳಲ್ಲೇ ಮುದುಕರಾದರು. ಊಟಕ್ಕೆ ಕುಳಿತರೆ ತಟ್ಟೆ ನೋಡುತ್ತ ಹಾಗೇ ಇದ್ದುಬಿಡುತ್ತಿದ್ದರು. ನನಗೂ ಅಷ್ಟೇ, ಬೆಳಗ್ಗೆ ಪಂಪು ಕೈಗೆತ್ತಿಕೊಳ್ಳುವಾಗ ತೋಳಿನಲ್ಲಿ ಜೀವವೇ ಇರುತ್ತಿರಲಿಲ್ಲ.

ಬಿಟ್ಟು ಹೋಗಬಹುದಿತ್ತು. ಹೋಗದಿರಲು ಒಂದೇ ಕಾರಣ, ಶೇಖರಪ್ಪ. ನಮ್ಮ ಗೌರಿಯ ಗಂಡ. ಬೆಂಗಳೂರಿನಲ್ಲಿ ವಿಮಾನ ಹಾರಿಸಲು ಕಲಿತು ಲೈಸೆನ್ಸ್ ಪಡೆದಿದ್ದರೂ ಎಲ್ಲೂ ಕೆಲಸ ಸಿಗದೆ ಕೊನೆಗೆ ಇಲ್ಲಿಗೆ ತರಬೇತಿಗೆ ಸೇರಿದ್ದರು. ಗೌರಿಗೆ ಆಗ ತುಂಬಿದ ತಿಂಗಳು, ತರೀಕೆರೆಯ ತವರಿನಲ್ಲಿದ್ದಳು. ದಿವಾಕರನ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ನಾನು ಹೋದಾಗ ಅಳಲಿಲ್ಲ, ಕೂಗಾಡಲಿಲ್ಲ. ಬಾಗಿಲವರೆಗೆ ಬಂದು, "ನೀನು ಅಲ್ಲಿದೀಯ ಅಂತ ಸುಮ್ನಿದೀನಿ ಕಣೋ ಅಣ್ಣ," ಎಂದಳು. ಅಷ್ಟು ಅಂದಮೇಲೆ ನಾನು ಎಲ್ಲಿಗೆ ಹೋಗಲಿ?

ಆ ಬೆಳಗ್ಗೆಗೆ ಬರುತ್ತೇನೆ. ಹುಣಸೆಹಣ್ಣು ಉದುರಿಸುವ ಕಾಲ, ಬಿಸಿಲು ಏರತೊಡಗಿತ್ತು. ಬೆಟ್ಟದ ಕಡೆಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಶೇಖರಪ್ಪ ಒಬ್ಬರೇ ಹಾರಬೇಕಾದ ದಿನ ಅದು. ಪಂಪು ಹೊಡೆದು, ಹಗ್ಗ ಬಿಚ್ಚಿ, ಫ್ಲೋಟನ್ನು ದೂಡಿ ಕಳಿಸಿದೆ. ಚೆನ್ನಾಗಿ ಎದ್ದರು. ಸಖರಾಯಪಟ್ಟಣದ ಕಡೆ ಹೋಗಿ, ತೆಂಗಿನ ತೋಟಗಳ ಮೇಲೆ ಒಂದು ಸುತ್ತು ಹಾಕಿ ಅವರು ತಿರುಗಿ ಬರುವಷ್ಟರಲ್ಲಿ ಗಾಳಿ ನಿಂತುಹೋಯಿತು. ಸ್ವಲ್ಪ ಸ್ವಲ್ಪವಾಗಿ ಅಲ್ಲ, ಯಾರೋ ಬಾಗಿಲು ಹಾಕಿಕೊಂಡ ಹಾಗೆ. ಹೊಂಗೆಯ ಎಲೆ ಕೂಡ ಅಲುಗುತ್ತಿರಲಿಲ್ಲ.

ಕ್ಯಾಪ್ಟನ್ ರೇಡಿಯೋದಲ್ಲಿ ಕಾಯಿರಿ ಎಂದರು. ಶೇಖರಪ್ಪ ಸುತ್ತಿದರು, ಸುತ್ತಿದರು. ಗಾಳಿ ಬರಲಿಲ್ಲ. ಪೆಟ್ರೋಲು ಎಷ್ಟಿದೆ ಎಂದು ನನಗೆ ಗೊತ್ತು, ತುಂಬಿದವನು ನಾನೇ. ಫ್ಲೋಟಿನ ವಿಮಾನ ಹೊಲದಲ್ಲಿ ಇಳಿಯಲಾರದು. ದಡ ನೋಡಿಕೊಂಡು ಪಕ್ಕದಲ್ಲೇ ಇಳಿಯೋಣವೆಂದರೆ ಅಲ್ಲೆಲ್ಲ ಜಾಲಿ ಬೊಡ್ಡೆ. ನಡುವೆಯೇ ಇಳಿಯಬೇಕು, ನಡುವೆ ಕನ್ನಡಿ. ನಾನು ಓಡಿಹೋಗಿ, ದಿವಾಕರ ಸತ್ತ ಮೇಲೆ ರಕ್ಷಣೆಗೆಂದು ಕಂಪನಿ ತರಿಸಿಟ್ಟಿದ್ದ ಮೋಟಾರು ದೋಣಿಯ ಹಗ್ಗ ಎಳೆದೆ, ಅದರಲ್ಲಿ ಹೋಗಿ ನೀರು ಕಲಕೋಣವೆಂದು. ಹಿಂದಿನ ದಿನ ನಾನೇ ಓಡಿಸಿ ನೋಡಿದ್ದ ಎಂಜಿನ್, ಅದು ಒಮ್ಮೆಯೂ ಕೆಮ್ಮಲಿಲ್ಲ. ಎಳೆದೂ ಎಳೆದೂ ಅಂಗೈ ಸುಲಿಯಿತು. ಹೊಂಗೆಯಡಿಯ ಹರಿಗೋಲು ನೆನಪಾಗದೆ ಇರಲಿಲ್ಲ. ಆದರೆ ಕಲಿಯದವನು ಹುಟ್ಟು ಹಾಕಿದರೆ ಅದು ನಿಂತಲ್ಲೇ ಗರಗರ ತಿರುಗುತ್ತದೆ, ನಾನು ಹಿಂದೊಮ್ಮೆ ಹುಟ್ಟು ಹಾಕಲು ಹೋಗಿ ನಗೆಪಾಟಲಾಗಿದ್ದೆ.

ಮೇಲಿನಿಂದ ಶೇಖರಪ್ಪನ ದನಿ ರೇಡಿಯೋದಲ್ಲಿ ಬಂತು. "ಸರ್, ನೀರು ಕಾಣ್ತಾ ಇಲ್ಲ. ಎರಡು ಆಕಾಶ ಕಾಣ್ತಾ ಇದೆ." ಒಮ್ಮೆ ಇಳಿಯಲು ಬಂದು, ಧೈರ್ಯ ಸಾಲದೆ ಮತ್ತೆ ಮೇಲಕ್ಕೆ ಎತ್ತಿದರು. ಇನ್ನೊಮ್ಮೆ ಬಂದರು, ಮತ್ತೆ ಎತ್ತಿದರು. ಕ್ಯಾಪ್ಟನ್ ಅವರಿಗೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಎಂಜಿನ್ ಸ್ವಲ್ಪ ಬಿಟ್ಟು ಹಾಗೇ ಹಿಡಿದುಕೊಳ್ಳಿ, ನೀರು ತಾನೇ ನಿಮ್ಮ ಹತ್ತಿರ ಬರುತ್ತದೆ ಎಂದು ಹೇಳುತ್ತಿದ್ದರು. ಇನ್ನೊಂದು ಸಲಕ್ಕೆ ಮಾತ್ರ ಪೆಟ್ರೋಲು ಉಳಿದಿತ್ತು. ವಿಮಾನ ಕೆರೆಯ ಆ ತುದಿಯಲ್ಲಿ ತಿರುಗಿತು. ನನಗೆ ಗೌರಿ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿತು. ದೋಣಿಯ ಹಗ್ಗ ಕೈಬಿಟ್ಟು ಏರಿಯ ಮೇಲಕ್ಕೆ ಓಡಿದೆ. ಯಾಕೆ ಓಡಿದೆ, ಅಲ್ಲಿ ಏನು ಮಾಡಬೇಕೆಂದಿದ್ದೆ, ಗೊತ್ತಿಲ್ಲ. ದಿನಾ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತು, ಎದೆ ಬಿರಿಯುವ ಹಾಗೆ "ತಿಮ್ಮಣ್ಣಾ" ಎಂದು ಕೂಗಿಬಿಟ್ಟೆ.

ಇಲ್ಲಿಂದ ಮುಂದಿನದನ್ನು ಕಂಡದ್ದು ಕಂಡ ಹಾಗೆ ಹೇಳುತ್ತೇನೆ. "ಓ" ಎಂಬ ಉತ್ತರ ಬಂತೋ ಇಲ್ಲವೋ, ಪ್ರಮಾಣ ಮಾಡಲಾರೆ. ಕೆರೆಯ ನಡುವೆ ಹರಿಗೋಲು ಇತ್ತು. ತಲೆಗೆ ಟವಲ್ ಸುತ್ತಿದ ತಿಮ್ಮಣ್ಣ ಅದರಲ್ಲಿ ಬಗ್ಗಿ ಹುಟ್ಟು ಹಾಕುತ್ತಿದ್ದ. ಹಿಂದೆ ಜಾಲಿ ಹೊರೆ ಬರುತ್ತಿತ್ತು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಅವನು ಯಾವಾಗಲೂ ಹೋಗುತ್ತಿದ್ದ ಹಾಗೇ ಹೋಗುತ್ತಿದ್ದ. ಆದರೆ ನೀರು ಅಲುಗುತ್ತಿರಲಿಲ್ಲ. ಹುಟ್ಟು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಒಂದು ಗೆರೆಯೂ ಏಳುತ್ತಿರಲಿಲ್ಲ. ಕನ್ನಡಿ ಹಾಗೇ ಇತ್ತು. ಇವನು ಇಷ್ಟು ಕಷ್ಟಪಟ್ಟೂ ಪ್ರಯೋಜನವಾಗುತ್ತಿಲ್ಲವಲ್ಲ, ಶೇಖರಪ್ಪ ಹೋದರು ಎಂದುಕೊಂಡೆ. ತಿಮ್ಮಣ್ಣ ಅಲ್ಲಿರುವುದು ಹೇಗೆ ಎಂಬ ಪ್ರಶ್ನೆ ಆಗ ಬರಲೇ ಇಲ್ಲ. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವಿಮಾನ ಇಳಿಯಿತು. ಅಷ್ಟು ನಯವಾಗಿ ಇಳಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಫ್ಲೋಟಿನ ಹಿಮ್ಮಡಿ ನೀರಿಗೆ ತಾಗಿ, ಎರಡು ಬಿಳಿ ಗೆರೆ ಎದ್ದು, ವೇಗ ಇಳಿದು, ಸರಿಯಾಗಿ ಕುಳಿತಿತು. ಅದು ದಡಕ್ಕೆ ಬರುತ್ತಲೇ ನಾನು ಚಪ್ಪಲಿ ಸಮೇತ ನೀರಿಗೆ ಇಳಿದು ಹಗ್ಗ ಹಿಡಿದೆ. ಹಿಂದೆ ತಿರುಗಿ ನೋಡಿದಾಗ ಕೆರೆಯಲ್ಲಿ ಯಾರೂ ಇರಲಿಲ್ಲ.

ಶೇಖರಪ್ಪ ಕೆಳಗಿಳಿದರು. ಮುಖದಲ್ಲಿ ರಕ್ತವಿರಲಿಲ್ಲ, ಆದರೂ ನಗುತ್ತಿದ್ದರು. ನನ್ನ ತೋಳು ಹಿಡಿದುಕೊಂಡು, "ಭಾವ, ನೀರು ಯಾರ ಕೈಲಿ ಕಲಕಿಸಿದ್ರಿ? ದೋಣಿ ಎಲ್ಲಿ?" ಎಂದು ಕೇಳಿದರು. ಕೊನೆಯ ಸಲ ತಿರುಗಿದಾಗ ಕೆರೆಯ ನಡುವಿನ ಪಟ್ಟಿ ಉತ್ತ ಹೊಲದ ಹಾಗೆ ಸಾಲು ಸಾಲಾಗಿ ಕಂಡಿತಂತೆ. ಅದನ್ನು ನೋಡಿಕೊಂಡೇ ಇಳಿದರಂತೆ. ದೋಣಿಯಾಗಲಿ ಮನುಷ್ಯನಾಗಲಿ ಕಾಣಲಿಲ್ಲವಂತೆ. ನಾನು ಕಂಡದ್ದನ್ನು ಹೇಳಿದೆ. ನನಗೆ ಕಂಡದ್ದು ಅವರಿಗೆ ಕಂಡಿರಲಿಲ್ಲ, ಅವರಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಕ್ಯಾಪ್ಟನ್ ರೇಡಿಯೋದ ಮೇಲೆ ಬಗ್ಗಿದ್ದರು, ಅವರು ವಿಮಾನ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಒಂದು ಸುಳಿಗಾಳಿ ಬಂದು ಹೋಗಿರಬೇಕು, ನೀನು ಸರಿಯಾಗಿ ನಿದ್ದೆ ಮಾಡು ಎಂದರು. ನನಗೂ ಅದೇ ಬೇಕಾಗಿತ್ತು. ಆದರೂ ಹೊಂಗೆಮರದ ಹತ್ತಿರ ಹೋದೆ. ಹರಿಗೋಲು ಬೋರಲಾಗಿಯೇ ಇತ್ತು. ಮೇಲೆ ತರಗೆಲೆ, ಧೂಳು. ಅಂಚಿನಿಂದ ಮರದ ಬೇರಿಗೆ ಜೇಡ ಬಲೆ ಕಟ್ಟಿತ್ತು, ಒಂದು ಎಳೆಯೂ ಹರಿದಿರಲಿಲ್ಲ. ಅಲ್ಲೇ ಕುಳಿತು ಅತ್ತೆ. ಹೆದರಿ ಅತ್ತೆನೋ, ಗೌರಿಯ ಗಂಡ ಬದುಕಿದರೆಂದು ಅತ್ತೆನೋ, ಬೇರೆ ಮಾಡಿ ಹೇಳಲಾರೆ.

ಮಧ್ಯಾಹ್ನ ಕ್ಯಾಪ್ಟನ್ ಇಬ್ಬರಿಗೂ ರಜೆ ಕೊಟ್ಟರು. ಕಡೂರಿನಿಂದ ಒಂದೇ ಬಸ್ಸು ಹತ್ತಿದೆವು. ಬೀರೂರಿನಲ್ಲಿ ನಾನು ಇಳಿದು, ಶೇಖರಪ್ಪನನ್ನು ತರೀಕೆರೆಗೆ ಗೌರಿಯ ಹತ್ತಿರ ಕಳಿಸಿ, ಅಜ್ಜಂಪುರದ ಬಸ್ಸು ಹಿಡಿದೆ. ಆಗಲೂ ನಾನು ಏನನ್ನೂ ನಂಬಿರಲಿಲ್ಲ. ತಿಮ್ಮಣ್ಣನನ್ನು ಒಮ್ಮೆ ಕಣ್ಣಿಂದ ನೋಡಬೇಕಿತ್ತು, ಅಷ್ಟೇ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದವನು ಥಟ್ಟನೆ ಎಚ್ಚರಗೊಂಡೆ. ಕರೆದಿದ್ದೇನೆ. ವಾಪಸ್ಸು ಕರೆದಿಲ್ಲ. ಥೂ ಹುಚ್ಚ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಆಮೇಲೆ ಕಣ್ಣು ಮುಚ್ಚಲಿಲ್ಲ.

ಅವನ ಮನೆ ಸೇರಿದಾಗ ಹೊತ್ತು ಇಳಿದಿತ್ತು. ಅಂಗಳದಲ್ಲಿ ಅರ್ಧ ಬಡಿದ ಹುಣಸೆಹಣ್ಣಿನ ರಾಶಿ, ಪಕ್ಕದಲ್ಲಿ ಕೊಡತಿ ಬಿದ್ದಿತ್ತು. ಹೆಂಡತಿ ಕೆಂಚಮ್ಮ ನನ್ನನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳಗ್ಗೆ ಹಣ್ಣು ಬಡಿಯುತ್ತ ಕುಳಿತಿದ್ದವನು ಇದ್ದಕ್ಕಿದ್ದಂತೆ ತಲೆ ಎತ್ತಿ ಜೋರಾಗಿ "ಓ" ಎಂದನಂತೆ. "ಯಾರೂ ಕರ್ದೇ ಇರ್ಲಿಲ್ಲ ಕಣ್ರಪ್ಪ," ಎಂದಳು. ಅಲ್ಲಿಂದ ಗೋಡೆಗೊರಗಿ ಕುಳಿತವನು ಮಾತಿಲ್ಲ, ಊಟವಿಲ್ಲ, ಕಣ್ಣು ತೆರೆದೇ ಇದೆ. ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ಏನೂ ಆಗಲಿಲ್ಲ.

ಒಳಗೆ ಬಗ್ಗಿ ನೋಡಿದೆ. ತಿಮ್ಮಣ್ಣ ಕುಳಿತಿದ್ದ. ಎದುರಿನ ಗೋಡೆಯನ್ನು ನೋಡುತ್ತಿದ್ದ, ಅಥವಾ ಗೋಡೆಯಾಚೆ ಏನನ್ನೋ. ಅವತ್ತು ಬಿಸಿಲಿನಲ್ಲಿ ಕೆರೆಯ ನಡುವೆ ಕುಳಿತಿದ್ದನಲ್ಲ, ಅದೇ ಭಂಗಿ. ನೆರೆಯವರು ನಾಲ್ಕು ಜನ ಸೇರಿದ್ದರು. ಅವರ ಮುಂದೆ ಆ ಮಾತು ಕೂಗಲು ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಬೇರೆಯವರನ್ನು ನೋಡಿ ನಕ್ಕವನು ನಾನು. ಆಮೇಲೆ ಬಾಗಿಲಾಚೆ ಬಂದು ಅಂಗಳದಲ್ಲಿ ನಿಂತು, ಏರಿಯ ಮೇಲಿನಿಂದ ಕೂಗುವ ಹಾಗೆ ಕೂಗಿದೆ. "ತಿಮ್ಮಣ್ಣಾ, ಬಾ ದಡಕ್ಕೆ."

ಒಳಗಿನಿಂದ "ಓ" ಎಂಬ ಸಣ್ಣ ದನಿ ಬಂತು. ಕೆಂಚಮ್ಮ ಓಡಿದಳು. ನಾನು ಹೋಗುವಷ್ಟರಲ್ಲಿ ಅವನು ಕಣ್ಣು ಮಿಟುಕಿಸುತ್ತ ನೀರು ಕೇಳುತ್ತಿದ್ದ. ಚೊಂಬನ್ನು ಎತ್ತಿ ಹಿಡಿಯಲು ತೋಳಿನಲ್ಲಿ ಶಕ್ತಿಯಿಲ್ಲ, ಅವಳೇ ಕುಡಿಸಿದಳು. ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು, ಹುಟ್ಟು ಹಿಡಿಯುವ ಜಾಗದಲ್ಲಿ. ನೀರು ಕುಡಿದು ನನ್ನ ಕಡೆ ನೋಡಿದ.

"ಇಷ್ಟೊತ್ತಾ ಮೇಸ್ತ್ರೀ?" ಎಂದ.

ನಾನು ಅವನ ಪಕ್ಕದಲ್ಲಿ ಕುಳಿತೆ.

"ಹುಡ್ಗ ಇಳುದ್ನಾ?"

ಇಳಿದರು, ಚೆನ್ನಾಗಿದ್ದಾರೆ ಎಂದೆ. ಹಾಗಾದರೆ ಸರಿ ಎಂಬಂತೆ ತಲೆಯಾಡಿಸಿ ಕಣ್ಣು ಮುಚ್ಚಿದ. ನಿದ್ದೆ ಹೋದನೆಂದುಕೊಂಡು ನಾನು ಎದ್ದೆ. ಕಣ್ಣು ಮುಚ್ಚಿಕೊಂಡೇ ಅವನು ನನ್ನ ಪಂಚೆಯ ಅಂಚು ಹಿಡಿದ. "ಇನ್ಮೇಲೆ ಕರೀಬ್ಯಾಡಿ. ಕರುದ್ರೆ ಬರ್ದೆ ಇರಾಕೆ ನಂಗಾಗಾಕಿಲ್ಲ. ಬಾಳ ಸುಸ್ತಾಗೈತೆ."

ಕರೆಯುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಕೆಲವು ದಿನಗಳಲ್ಲಿ ಗೌರಿಗೆ ಹೆಣ್ಣುಮಗು ಆಯಿತು. ಶೇಖರಪ್ಪ ಮತ್ತೆ ಆ ಕೆರೆಗೆ ಬರಲಿಲ್ಲ, ನಾನೂ ಬಿಟ್ಟೆ. ವರ್ಷ ತುಂಬುವಷ್ಟರಲ್ಲಿ ಕಂಪನಿಯೂ ಗಂಟುಮೂಟೆ ಕಟ್ಟಿತು. ಕಾರಣ ಹುಡುಕುವ ಬುದ್ಧಿ ಮಾತ್ರ ನನ್ನನ್ನು ಬಿಡಲಿಲ್ಲ. ಸುಳಿಗಾಳಿ ಎಂದರೆ ಶೇಖರಪ್ಪ ಕಂಡದ್ದು ಸರಿಹೋಗುತ್ತದೆ. ನಿದ್ದೆಗೆಟ್ಟ ಕಣ್ಣು ಎಂದರೆ ನಾನು ಕಂಡದ್ದು ಸರಿಹೋಗುತ್ತದೆ. ಬೊಬ್ಬೆ ಎದ್ದದ್ದು ಕೊಡತಿಯಿಂದ, ಕುಳಿತಲ್ಲೇ ಮಂಕಾದದ್ದು ಬಿಸಿಲಿನಿಂದ ಎನ್ನಬಹುದು. ನಾನು ಹುಡುಕಿಕೊಂಡು ಬಂದದ್ದನ್ನು ಕಂಡೇ ಹುಡುಗ ಇಳಿದನಾ ಎಂದು ಊಹಿಸಿ ಕೇಳಿದ ಎಂದೂ ಅನ್ನಬಹುದು. ಒಂದೊಂದನ್ನೂ ಬೇರೆ ಬೇರೆ ಬಿಚ್ಚಿಟ್ಟರೆ ಎಲ್ಲಕ್ಕೂ ಕಾರಣವಿದೆ. ಮತ್ತೆ ಜೋಡಿಸಲು ಹೋದರೆ ಎಂಜಿನ್ ಶುರುವಾಗುವುದಿಲ್ಲ.

ಎಂಬತ್ತರ ದಶಕದ ನಡುವೆ ತಿಮ್ಮಣ್ಣ ತೀರಿಕೊಂಡ. ಕಾಯಿಲೆ ಕಸಾಲೆ ಏನಿಲ್ಲ, ಮಲಗಿದ್ದವನು ಏಳಲಿಲ್ಲವಂತೆ. ಮಣ್ಣಿಗೆ ಹೋಗಿದ್ದೆ. ಎಲ್ಲರೂ ಅವನ ಹೆಸರು ಹಿಡಿದು ಅಳುತ್ತಿದ್ದರು, ನಾನು ಬಾಯಿ ಬಿಡಲಿಲ್ಲ.

ಈಗಲೂ ಯಾವುದಾದರೂ ಕೆಲಸಕ್ಕೆ ಹೋಗುವಾಗ ಬಸ್ಸು ಆ ಕೆರೆಯ ಕಡೆ ಹಾಯುತ್ತದೆ. ಗಾಳಿ ಇಲ್ಲದ ದಿನ ನೀರು ಆಕಾಶ ಹಿಡಿದುಕೊಂಡು ಸುಮ್ಮನೆ ಮಲಗಿರುತ್ತದೆ. ಒಮ್ಮೆ ಇಳಿದು ಆ ಕಲ್ಲಿನ ಮೇಲೆ ನಿಂತು ಕೂಗಿ ನೋಡಿಬಿಡೋಣ, ಕೂಗಿದರೆ ಏನೂ ಆಗುವುದಿಲ್ಲ, ಆಗ ಇದೆಲ್ಲ ನನ್ನ ತಲೆಯಿಂದ ಹೋಗುತ್ತದೆ ಎಂದು ಅನ್ನಿಸುತ್ತದೆ. ಹೆಸರು ಗಂಟಲವರೆಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ, ಅಕಸ್ಮಾತ್ ಬಂದರೆ? ದಣಿದು ಮಲಗಿದ ಮನುಷ್ಯ. ನನಗೂ ವಯಸ್ಸಾಯಿತು, ಎದೆಯಲ್ಲಿ ಮೊದಲಿನ ಉಸಿರಿಲ್ಲ. ಒಮ್ಮೆ ಕರೆಯುವಷ್ಟು ದನಿ ಇದ್ದೀತು. ವಾಪಸ್ಸು ಕರೆಯಲು ನಾನು ಇಲ್ಲದೆ ಹೋದರೆ ಅವನು ಅಲ್ಲೇ ಕಾಯುತ್ತ ಕೂರಬೇಕು.